ಮೊದಲು ಗಾಳಿಯ ಮಾತು, ಆಮೇಲೆ ರೆಕ್ಕೆ



ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಫ್ಯಾನಿನ ರೆಕ್ಕೆಯ ಬಗ್ಗೆ ನಾನು ಆಡಿದ ಮಾತನ್ನು ಬರಹದಲ್ಲಿ ಕೊಡಿ ಅಂತ ನಿಮ್ಮಲ್ಲಿ ಕೆಲವರು ಕೇಳಿದಿರಿ. ಮೆಟ್ರೋದಲ್ಲಿ ಕೂತು ಕೇಳುತ್ತಿದ್ದವರೊಬ್ಬರಿಗೆ ಸುರಂಗ ಬಂದಾಗಲೆಲ್ಲ ಅರ್ಧ ಮಾತು ಹಾರಿಹೋಯಿತಂತೆ. ಸರಿ, ಇಲ್ಲಿದೆ. ಅಂದು ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿದ್ದೇನೆ. ನಾನು ಓದಿದ್ದು ಕನ್ನಡ ಬಿ.ಎ., ಇಂಜಿನಿಯರಿಂಗ್ ಅಲ್ಲ. ಆದ್ದರಿಂದ ಸೂತ್ರ, ಸಮೀಕರಣ ಬರುತ್ತದೆ ಅಂತ ಹೆದರಬೇಡಿ. ಬರೆಯೋಣವೆಂದರೂ ನನಗೆ ಬರುವುದಿಲ್ಲ.

ಎಲ್ಲಾ ಶುರುವಾದದ್ದು ನಮ್ಮ ಮನೆಯ ಕೂಲರಿನಿಂದ. ಮೇ ತಿಂಗಳಲ್ಲಿ ಮುನಿರ್ಕಾದ ಮೂರನೇ ಮಹಡಿ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕಿಟಕಿಗೆ ಕೂರಿಸಿದ ತಗಡಿನ ಕೂಲರು, ಮೂರು ಕಡೆ ಒದ್ದೆ ಹುಲ್ಲು, ನಡುವೆ ಗರಗರ ಅನ್ನುವ ಫ್ಯಾನು. ಈ ವರ್ಷ ಅದು ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಕೊಡುತ್ತಿರಲಿಲ್ಲ. ಮಿಸ್ತ್ರಿಯನ್ನು ಕರೆಸಿದೆ. ಆತ ಇಕ್ಕಳದಿಂದ ರೆಕ್ಕೆಗಳನ್ನು ಒಂದೊಂದಾಗಿ ಸ್ವಲ್ಪ ತಿರುಚಿದ, ಸ್ವಿಚ್ ಹಾಕಿದ, ಅಂಗೈ ಹಿಡಿದು ನೋಡಿದ. ಮತ್ತೆ ತಿರುಚಿದ, ಮತ್ತೆ ಸ್ವಿಚ್. ಹೀಗೆ ಏಳೆಂಟು ಸಲ. ಕೊನೆಗೆ ಗಾಳಿಯೂ ಹೋಯಿತು, ಒಂದು ರೆಕ್ಕೆಯೂ ಬುಡದಲ್ಲಿ ಸೀಳಿತು. ಹೊಸ ಫ್ಯಾನೇ ಬೇಕು ಅಂದ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ನಮ್ಮ ಎದುರು ಮನೆಯ ಬಾಡಿಗೆ ಹುಡುಗ. ಮೈಸೂರಿನ ಕಡೆಯವನು, ಔಟರ್ ರಿಂಗ್ ರೋಡಿನ ಆಚೆ ಐಐಟಿಯಲ್ಲಿ ಸಂಶೋಧನೆ ಮಾಡುತ್ತಾನೆ. ನಗುತ್ತಾ ಅಂದ: "ಅಕ್ಕಾ, ಅವರು ಮಾಡಿದ್ದು ತಪ್ಪಲ್ಲ. ಪ್ರಪಂಚದಲ್ಲಿ ತುಂಬಾ ವರ್ಷ ಜೆಟ್ ಇಂಜಿನ್ ಬ್ಲೇಡನ್ನೂ ಹೆಚ್ಚು ಕಡಿಮೆ ಹೀಗೇ ಮಾಡಿದ್ದು. ಮೊದಲು ಆಕಾರ ಮಾಡೋದು, ಆಮೇಲೆ ಗಾಳಿ ಏನು ಮಾಡುತ್ತೆ ನೋಡೋದು. ನಾನು ಕಲೀತಿರೋದು ಇದರ ಉಲ್ಟಾ."

ಉಲ್ಟಾ ಎಂದರೆ?

"ಗಾಳಿ ಹೇಗೆ ಹೋಗಬೇಕು ಅಂತ ಮೊದಲು ಬರೆಯೋದು. ಹಾಗೆ ಹೋಗಬೇಕಾದರೆ ಬ್ಲೇಡ್ ಯಾವ ಆಕಾರದಲ್ಲಿರಬೇಕು ಅಂತ ಗಣಿತವನ್ನೇ ಕೇಳೋದು. ಇನ್ವರ್ಸ್ ಡಿಸೈನ್ ಅಂತಾರೆ."

ವಿಲೋಮ ವಿನ್ಯಾಸ ಅಂದುಕೊಂಡೆ ಮನಸ್ಸಿನಲ್ಲೇ. ಅನುಲೋಮ, ವಿಲೋಮ ಎಂದು ಪ್ರಾಣಾಯಾಮ ಮಾಡುವವರಿಗೆ ಪದ ಗೊತ್ತೇ ಇರುತ್ತದೆ. ಆದರೆ ಅವನ ಮಾತು ಕೇಳಿದಾಗ ನನಗೆ ನೆನಪಾದದ್ದು ಪ್ರಾಣಾಯಾಮವಲ್ಲ, ಅವಧಾನ.

ನೀವು ಊರಿನಲ್ಲಿ ಅಷ್ಟಾವಧಾನ ನೋಡಿರಬಹುದು. ಅದರಲ್ಲಿ ಸಮಸ್ಯಾಪೂರಣ ಅಂತ ಒಂದು ಭಾಗ. ಪೃಚ್ಛಕರು ಪದ್ಯದ ಕೊನೆಯ ಸಾಲನ್ನು ಮೊದಲೇ ಕೊಟ್ಟುಬಿಡುತ್ತಾರೆ. ಕೇಳಿದರೆ ಅಸಂಬದ್ಧವಾಗಿರುತ್ತದೆ. ಅವಧಾನಿಗಳು ಮೇಲಿನ ಮೂರು ಸಾಲು ಕಟ್ಟಿ ಆ ಅಸಂಬದ್ಧವನ್ನು ಸಂಬದ್ಧ ಮಾಡಬೇಕು. ಸುಮ್ಮನೆ ಕಟ್ಟಿದರೆ ಆಗಲಿಲ್ಲ. ಛಂದಸ್ಸು ತಪ್ಪಬಾರದು. ಕನ್ನಡದಲ್ಲಾದರೆ ಆದಿಪ್ರಾಸವೂ ಬೇಕು. ಕೊನೆಯ ಸಾಲಿನ ಎರಡನೇ ಅಕ್ಷರದಲ್ಲಿ ಯಾವ ವ್ಯಂಜನವಿದೆಯೋ ಮೇಲಿನ ಮೂರೂ ಸಾಲುಗಳಲ್ಲಿ ಅದೇ ಬರಬೇಕು. ಅಂದರೆ ಫಲ ಮೊದಲು ಗೊತ್ತು, ದಾರಿ ಆಮೇಲೆ ಹುಡುಕಬೇಕು, ದಾರಿಗೂ ಕಟ್ಟುಪಾಡುಗಳಿವೆ. ಇದನ್ನು ಹೇಳಿದೆ. ಹುಡುಗ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಅಕ್ಕಾ, ಇದನ್ನ ನನ್ನ ಥೀಸಿಸ್‌ನ ಮೊದಲ ಪುಟಕ್ಕೆ ಹಾಕ್ಕೋತೀನಿ" ಅಂದ. (ಕನ್ನಡದಲ್ಲಿ ಅವಧಾನಕ್ಕೆ ಮರುಜೀವ ಕೊಟ್ಟ ಶತಾವಧಾನಿ ಗಣೇಶ್ ಅವರು ಇಂಜಿನಿಯರಿಂಗ್ ಓದಿದವರು ಎಂಬುದು ನೆನಪಾಗಿ ನನಗೊಬ್ಬಳಿಗೇ ನಗು ಬಂತು.)

ಈಗ ಬ್ಲೇಡಿಗೆ ಬರೋಣ. ಜೆಟ್ ಇಂಜಿನ್ನಿನ ಹೊಟ್ಟೆಯಲ್ಲಿ ಎರಡು ಬಗೆಯ ರೆಕ್ಕೆ ಸಾಲುಗಳಿರುತ್ತವೆ. ಮುಂದೆ ಇರುವುದು ಕಂಪ್ರೆಸರ್. ಅದು ಗಾಳಿಯನ್ನು ಅದುಮಿ ಒತ್ತಡ ಏರಿಸುತ್ತದೆ. ನಡುವೆ ಇಂಧನ ಉರಿಯುತ್ತದೆ. ಹಿಂದೆ ಟರ್ಬೈನ್, ಬಿಸಿ ಗಾಳಿ ಅದನ್ನು ತಿರುಗಿಸುತ್ತದೆ, ಅದು ಅದೇ ದಂಡದ ಮೂಲಕ ಮುಂದಿನ ಕಂಪ್ರೆಸರನ್ನು ತಿರುಗಿಸುತ್ತದೆ. ಟರ್ಬೈನಿನಲ್ಲಿ ಗಾಳಿ ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡಕ್ಕೆ ಇಳಿಯುತ್ತದೆ. ಇಳಿಜಾರು, ತಾನೇ ಹೋಗುತ್ತದೆ. ಕಂಪ್ರೆಸರಿನಲ್ಲಿ ಕಡಿಮೆಯಿಂದ ಹೆಚ್ಚಿಗೆ ಹತ್ತಬೇಕು. ಗಾಳಿಗೆ ಏರು ಹತ್ತಲು ಇಷ್ಟವಿಲ್ಲ. ಅದರಲ್ಲೂ ಬ್ಲೇಡಿನ ಮೈಗೆ ಅಂಟಿಕೊಂಡು ಹರಿಯುವ ತೆಳು ಪದರ ಬಹಳ ಸೋಮಾರಿ. ಏರು ಜಾಸ್ತಿಯಾಯಿತೋ, ಮೈ ಬಿಟ್ಟು ಎದ್ದು ಹಿಂದಕ್ಕೆ ಸುತ್ತುತ್ತದೆ. ಕೆಲವು ಬ್ಲೇಡುಗಳಲ್ಲಿ ಹೀಗಾದರೆ ಇಂಜಿನ್ ಏದುಸಿರು ಬಿಡುತ್ತದೆ. ಎಲ್ಲದರಲ್ಲೂ ಆದರೆ ಒಳಗಿನ ಗಾಳಿಯೇ ಢಮ್ಮೆಂದು ಮುಂದಕ್ಕೆ ಉಗುಳಿ ಬರಬಹುದು.

ಇದಕ್ಕೆ ಒಂದು ಲೆಕ್ಕ ನೋಡಿ. ಬೆಂಗಳೂರಿನಲ್ಲಿ ನಮ್ಮವರು ಕಟ್ಟಿದ ಕಾವೇರಿ ಇಂಜಿನ್ನಿನಲ್ಲಿ ಗಾಳಿಯನ್ನು ಅದುಮಲು ಮೂರು ಹಂತದ ಫ್ಯಾನ್, ಆರು ಹಂತದ ಕಂಪ್ರೆಸರ್, ಒಟ್ಟು ಒಂಬತ್ತು ಹಂತ. ಟರ್ಬೈನ್ ಹಂತ ಎಷ್ಟು? ಎರಡೇ ಎರಡು. ಹತ್ತಲು ಒಂಬತ್ತು ಮೆಟ್ಟಿಲು, ಇಳಿಯಲು ಎರಡು. ಬ್ಲೇಡಿನ ಆಕಾರಕ್ಕೆ ಜನ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂಬುದು ಇದರಲ್ಲೇ ಇದೆ.

ಹಳೆಯ ದಾರಿ ಹೀಗಿತ್ತು: ಒಂದು ಒಳ್ಳೆಯ ಆಕಾರದ ಕುಟುಂಬವನ್ನು ಆರಿಸಿಕೊಳ್ಳುವುದು. ಅಮೆರಿಕದ ನಾಕಾ ಸಂಸ್ಥೆಯ 65 ಸರಣಿಯ ಆಕಾರಗಳು ಬಹಳ ಪ್ರಸಿದ್ಧ. ಅವನ್ನು ಸಾಲಾಗಿ ಗಾಳಿ ಸುರಂಗದಲ್ಲಿ ನಿಲ್ಲಿಸಿ, ಬೇರೆ ಬೇರೆ ಕೋನದಲ್ಲಿ ಗಾಳಿ ಬಿಟ್ಟು, ಅಳೆದು, ಕೋಷ್ಟಕ ಮಾಡಿ ಇಟ್ಟಿದ್ದರು. ಅದನ್ನು ನೋಡಿ ಬಗ್ಗಿಸುವುದು, ಪರೀಕ್ಷಿಸುವುದು, ಮತ್ತೆ ಬಗ್ಗಿಸುವುದು. ನಮ್ಮ ಮಿಸ್ತ್ರಿಯ ವಿದ್ಯೆಯೇ, ಕೋಷ್ಟಕ ಒಂದು ಹೆಚ್ಚು. ಈ ದಾರಿಯಿಂದ ಒಳ್ಳೆಯ ಇಂಜಿನ್ನುಗಳು ಬಂದಿವೆ, ಹಗುರವಾಗಿ ಮಾತಾಡುವಂತಿಲ್ಲ.

ಉಲ್ಟಾ ದಾರಿಯ ಯೋಚನೆ ಜರ್ಮನಿಯಲ್ಲಿ 1930ರ ದಶಕದಲ್ಲೇ ಇತ್ತು. ಆದರೆ ಅದಕ್ಕೆ ಗಟ್ಟಿ ಗಣಿತದ ತಳಹದಿ ಹಾಕಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಜೇಮ್ಸ್ ಲೈಟ್‌ಹಿಲ್. 1945ರ ಅವನ ವರದಿ ಇದು. ಆಗ ಅವನಿಗೆ 21 ವರ್ಷ. ರೆಕ್ಕೆಯ ಮೈಮೇಲೆ ಗಾಳಿಯ ವೇಗ ಎಲ್ಲೆಲ್ಲಿ ಎಷ್ಟಿರಬೇಕು ಎಂದು ನೀವು ಹೇಳಿ, ಆಕಾರ ನಾನು ಕೊಡುತ್ತೇನೆ ಎಂದ. ಜೊತೆಗೇ ಇನ್ನೊಂದು ಮಾತನ್ನೂ ಹೇಳಿದ. ನನಗೆ ತುಂಬಾ ಹಿಡಿಸಿದ್ದು ಅದೇ. ನೀವು ಕೇಳಿದ್ದನ್ನೆಲ್ಲ ಕೊಡಲು ಆಗುವುದಿಲ್ಲ. ನಿಮ್ಮ ಬೇಡಿಕೆ ಮೂರು ಷರತ್ತುಗಳಿಗೆ ಒಪ್ಪಬೇಕು. ಒಂದು, ದೂರದಿಂದ ಬರುವ ಗಾಳಿಯ ವೇಗಕ್ಕೂ ನೀವು ರೆಕ್ಕೆಯ ಮೇಲೆ ಬರೆದ ವೇಗಗಳಿಗೂ ಲೆಕ್ಕ ತಾಳೆಯಾಗಬೇಕು. ಉಳಿದೆರಡು, ಆಕಾರ ಮುಚ್ಚಿಕೊಳ್ಳಬೇಕು ಎಂಬುದಕ್ಕೆ. ಬೆನ್ನಿನ ಗೆರೆ, ಹೊಟ್ಟೆಯ ಗೆರೆ ಎರಡೂ ಮೂಗಿನಿಂದ ಹೊರಟು ಬಾಲದಲ್ಲಿ ಒಂದೇ ಬಿಂದುವಿಗೆ ಬಂದು ಸೇರಬೇಕಲ್ಲ? ಮನಸ್ಸಿಗೆ ಬಂದಂತೆ ವೇಗ ಬರೆದರೆ ಬಾಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಇಲ್ಲವೇ ಎರಡು ಗೆರೆ ಒಂದನ್ನೊಂದು ದಾಟಿ ಮೀನಿನ ಬಾಲದಂತಾಗುತ್ತದೆ. ಕಾಗದದ ಮೇಲೆ ಉತ್ತರ ಇರುತ್ತದೆ, ಅದನ್ನು ಲೋಹದಲ್ಲಿ ಮಾಡಲಾಗುವುದಿಲ್ಲ.

ಛಂದಸ್ಸು ಕೂಡದ ಸಮಸ್ಯೆಯನ್ನು ಪೃಚ್ಛಕರು ಕೊಟ್ಟ ಹಾಗೆ. ತಪ್ಪು ಅವಧಾನಿಯದಲ್ಲ.

ಹಾಗಾದರೆ ಏನು ಕೇಳಬೇಕು? ಇಲ್ಲಿಂದ ಮುಂದೆ ಇದು ಬರೀ ಗಣಿತವಲ್ಲ, ಅನುಭವ. ಹುಡುಗ ಇದನ್ನು ವಿವರಿಸಿದ ರೀತಿ ಹೇಳುತ್ತೇನೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಿದ್ದೀರಾ? ಸುಮಾರು ಸಾವಿರ ಮೆಟ್ಟಿಲು. ಕಡಿದಾದ ಭಾಗ ಮೊದಲು ಬಂದರೆ ಕಾಲಿನಲ್ಲಿ ಕಸುವಿರುವಾಗಲೇ ಹತ್ತಿಬಿಡುತ್ತೀರಿ, ಆಮೇಲೆ ನಿಧಾನವಾಗಿ ಹೋಗಬಹುದು. ಕಡಿದಾದದ್ದು ಕೊನೆಗೆ ಬಂದರೆ ನಂದಿಯ ಹತ್ತಿರವೇ ಕೂತುಬಿಡುತ್ತೀರಿ. ಬ್ಲೇಡಿನ ಮೈಗೆ ಅಂಟಿದ ಗಾಳಿಯ ಪದರವೂ ಹಾಗೇ. ಮೂಗಿನ ಹತ್ತಿರ ಅದು ತೆಳ್ಳಗೆ, ತಾಜಾ ಇರುತ್ತದೆ. ಬಾಲದ ಕಡೆ ಹೋಗುತ್ತಾ ದಪ್ಪಗಾಗಿ ದಣಿಯುತ್ತದೆ. ಆದ್ದರಿಂದ ಬೆನ್ನಿನ ಮೇಲೆ ವೇಗವನ್ನು ಮೊದಲು ಮೇಲೇರಿಸಿ, ಅಲ್ಲಿಂದ ಮೊದಮೊದಲು ಚುರುಕಾಗಿ ಇಳಿಸಿ, ಬಾಲದ ಹತ್ತಿರ ಬರುವಾಗ ಮೆಲ್ಲಗೆ ಇಳಿಸಬೇಕು. ಕಂಪ್ರೆಸರಿನಲ್ಲಿ ಗಾಳಿಯ ವೇಗ ಇಳಿಯುವುದೆಂದರೆ ಒತ್ತಡ ಏರುವುದು, ನೆನಪಿರಲಿ.

ಹೀಗೆ ಕೇಳಿ ಪಡೆದ ಆಕಾರಗಳು 1970, 80ರ ದಶಕಗಳಲ್ಲಿ ಅಮೆರಿಕದ ಪ್ರಾಟ್ ಅಂಡ್ ವಿಟ್ನಿಯಂಥ ಕಂಪನಿಗಳ ಕಂಪ್ರೆಸರುಗಳಿಗೆ ಬಂದವು. ನ್ಯೂಯಾರ್ಕಿನ ಗಣಿತಜ್ಞರಾದ ಗ್ಯಾರಬೀಡಿಯನ್, ಕಾರ್ನ್ ಮುಂತಾದವರು ವಿಮಾನದ ರೆಕ್ಕೆಗಾಗಿ ಕಂಡುಹಿಡಿದ ವಿಲೋಮ ಗಣಿತ ಅಲ್ಲಿ ಕೈಹಿಡಿಯಿತು. ನೋಡಲು ಅಂಥ ಬ್ಲೇಡ್ ಹಳೆಯದಕ್ಕಿಂತ ಸ್ವಲ್ಪ ಬೇರೆ ಅಷ್ಟೆ. ನನ್ನಂಥವಳ ಕೈಗೆ ಎರಡನ್ನೂ ಕೊಟ್ಟರೆ ವ್ಯತ್ಯಾಸ ತಿಳಿಯದು. ಗಾಳಿಗೆ ತಿಳಿಯುತ್ತದೆ.

ಇಷ್ಟರವರೆಗೆ ಹೇಳಿದ್ದು ಬ್ಲೇಡಿನ ಒಂದು ಅಡ್ಡ ಸೀಳಿನ ಕಥೆ. ನಿಜವಾದ ಬ್ಲೇಡು ಬುಡದಿಂದ ತುದಿಗೆ ತಿರುಚಿಕೊಂಡು ಹೋಗುತ್ತದೆ. ತುದಿ ಬಹಳ ಜೋರಾಗಿ ಸುತ್ತುತ್ತದೆ, ಬುಡ ನಿಧಾನ. ಮೂರು ಆಯಾಮದಲ್ಲಿ ವಿಲೋಮ ಮಾಡಬೇಕಾದರೆ ಕೇಳಬೇಕಾದ ಪ್ರಶ್ನೆಯನ್ನೇ ಬದಲಿಸಿದರು. ಆಯ್ಲರ್ ಹದಿನೆಂಟನೇ ಶತಮಾನದಲ್ಲೇ ಹೇಳಿದ್ದು: ಸುತ್ತುವ ಯಂತ್ರ ಗಾಳಿಗೋ ನೀರಿಗೋ ಎಷ್ಟು ಕೆಲಸ ಕೊಡುತ್ತದೆ ಎಂಬುದು, ಅದರ ಸುಳಿಯನ್ನು ಎಷ್ಟು ಬದಲಿಸುತ್ತದೆ ಎಂಬುದರ ಮೇಲೆ ನಿಂತಿದೆ. ಒಟ್ಟು ಬದಲಾವಣೆ ಎಷ್ಟು ಬೇಕೆಂಬುದನ್ನು ಇಂಜಿನ್ನೇ ಗೊತ್ತುಮಾಡುತ್ತದೆ. ಅದರಲ್ಲಿ ಚೌಕಾಸಿಯಿಲ್ಲ. ನಮ್ಮ ಕೈಯಲ್ಲಿರುವುದು ಆ ಸುಳಿಯನ್ನು ಮೂಗಿನಿಂದ ಬಾಲದವರೆಗೆ ಎಲ್ಲೆಲ್ಲಿ ಎಷ್ಟೆಷ್ಟು ಹಂಚುವುದು ಎಂಬುದು. ಆ ಹಂಚಿಕೆ ಬರೆದುಕೊಟ್ಟರೆ ಆಕಾರ ಬರುವ ವಿಧಾನವನ್ನು ಹಾಥಾರ್ನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದರು. ಈ ಹಾಥಾರ್ನ್ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಟಲ್ ಜೊತೆ ಬ್ರಿಟನ್ನಿನ ಮೊದಲ ಜೆಟ್ ಇಂಜಿನ್ನಿನ ದಹನ ಕೋಣೆಗೆ ದುಡಿದವರು. 1991ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಂಗನೆ ಅದನ್ನು ಪಂಪು, ರೇಡಿಯಲ್ ಕಂಪ್ರೆಸರುಗಳಿಗೆ ವಿಸ್ತರಿಸಿದರು. ಈಗ ಇದು ಸಾಫ್ಟ್‌ವೇರ್ ಆಗಿ ಸಿಗುತ್ತದೆ.

ನಮ್ಮ ಹುಡುಗ ಮೂರು ವರ್ಷದಿಂದ ಇದೇ ಹಂಚಿಕೆಯ ಗೆರೆಯನ್ನು ಎಳೆದು ಅಳಿಸಿ ಮಾಡುತ್ತಿದ್ದಾನೆ. ರಾತ್ರಿ ಒಂದು ಗಂಟೆಗೂ ಅವನ ಕೋಣೆಯ ದೀಪ ಉರಿಯುತ್ತಿರುತ್ತದೆ. ನಾನು ಬೆಳಗಿನ ಪಾಳಿಗೆ ಹೊರಡುವಾಗ ಒಮ್ಮೊಮ್ಮೆ ಅವನು ಮಲಗಲು ಹೊರಟಿರುತ್ತಾನೆ.

ಈಗ ಬೆಂಗಳೂರಿನ ಮಾತು. ದೆಹಲಿ ಕನ್ನಡಿಗರಾದ ನಮಗೆ ಹೇಳಿಕೊಳ್ಳಲು ಒಂದು ಸಂಗತಿಯಿದೆ. ನಾವೆಲ್ಲ ಆ ಕಡೆಯಿಂದ ಈ ಕಡೆಗೆ ಬಂದೆವು, ಈ ವಿದ್ಯೆ ಈ ಕಡೆಯಿಂದ ಆ ಕಡೆಗೆ ಹೋಯಿತು. ನ್ಯಾಷನಲ್ ಏರೋನಾಟಿಕಲ್ ಲ್ಯಾಬೊರೇಟರಿ, ಅದೇ ಎನ್‌ಎಎಲ್, 1959ರಲ್ಲಿ ಶುರುವಾದದ್ದು ದೆಹಲಿಯಲ್ಲಿ. ಮರುವರ್ಷ ಬೆಂಗಳೂರಿಗೆ ಹೋಯಿತು. ಗ್ಯಾಸ್ ಟರ್ಬೈನ್ ಸಂಶೋಧನೆಯ ಜಿಟಿಆರ್‌ಇ ಅದೇ 1959ರಲ್ಲಿ ಕಾನ್ಪುರದಲ್ಲಿ ಹುಟ್ಟಿ, 1961ರಲ್ಲಿ ಬೆಂಗಳೂರು ಸೇರಿತು. 1977ರಲ್ಲಿ ಅಲ್ಲಿ ಭಾರತದ್ದೇ ವಿನ್ಯಾಸದ ಜೆಟ್ ಇಂಜಿನ್ ಪರೀಕ್ಷಾ ಕಟ್ಟೆಯ ಮೇಲೆ ಓಡಿತು. 1989ರಲ್ಲಿ ನಮ್ಮ ಹಗುರ ಯುದ್ಧವಿಮಾನಕ್ಕಾಗಿ ಹೊಸ ಇಂಜಿನ್ನಿಗೆ ಮಂಜೂರಾತಿ ಸಿಕ್ಕಿತು. ಸುಮಾರು 382 ಕೋಟಿ ರೂಪಾಯಿ. ಹೆಸರು ಕಾವೇರಿ. ಅದರ ಒಳತಿರುಳು, ಕೋರ್ ಅನ್ನುತ್ತಾರಲ್ಲ, ಅದಕ್ಕೆ ಕಬಿನಿ ಎಂದು ಹೆಸರಿಟ್ಟರು. ಇಟ್ಟವರು ಯಾರೋ, ತಿರುಮಕೂಡಲನ್ನು ಬಲ್ಲವರೇ ಇರಬೇಕು. ಕಬಿನಿ ಮೊದಲು ಓಡಿತು, 1995ರಲ್ಲಿ. ಇಡೀ ಕಾವೇರಿ ಮರುವರ್ಷ.

ಆಮೇಲಿನದು ನಿಮ್ಮಲ್ಲಿ ಹಲವರಿಗೆ ಪತ್ರಿಕೆಗಳಿಂದ ಗೊತ್ತು. ಬೇಕಾಗಿದ್ದ ನೂಕುಬಲ ಸುಮಾರು 81 ಕಿಲೋನ್ಯೂಟನ್, ಸಿಕ್ಕಿದ್ದು 70ರ ಆಸುಪಾಸು. ಇಂಜಿನ್ನಿನ ತೂಕ ಅಂದುಕೊಂಡದ್ದಕ್ಕಿಂತ ಹೆಚ್ಚಾಯಿತು. ಅದೇ ಹೊತ್ತಿಗೆ ವಿಮಾನವೂ ತೂಕ ಹೆಚ್ಚಿಸಿಕೊಂಡಿತ್ತು. 2008ರಲ್ಲಿ ಕಾವೇರಿಯನ್ನು ತೇಜಸ್ ವಿಮಾನದಿಂದ ಬೇರ್ಪಡಿಸಿದರು. 2010ರ ನವೆಂಬರಿನಲ್ಲಿ ಮಾಸ್ಕೋ ಬಳಿ ರಷ್ಯದ ದೊಡ್ಡ ಇಲ್ಯೂಷಿನ್ ವಿಮಾನವೊಂದಕ್ಕೆ ಕಟ್ಟಿ ಮೊದಲ ಸಲ ಆಕಾಶದಲ್ಲಿ ಓಡಿಸಿದರು. ನಮ್ಮಲ್ಲಿ ಅಂಥ ಹಾರುವ ಪರೀಕ್ಷಾಲಯ ಇರಲಿಲ್ಲ. ಎತ್ತರದ ತೆಳು ಗಾಳಿಯನ್ನು ನೆಲದ ಮೇಲೇ ಸೃಷ್ಟಿಸಿ ಪರೀಕ್ಷಿಸುವ ಕಟ್ಟೆಯೂ ಇರಲಿಲ್ಲ. 2011ರ ಸಿಎಜಿ ವರದಿ ಖರ್ಚು 2,839 ಕೋಟಿಗೆ ಏರಿದ್ದನ್ನು ಎತ್ತಿ ಹೇಳಿತು.

ಇದನ್ನು ಕೇಳಿ ನಕ್ಕವರನ್ನು ನಾನು ಬಹಳ ನೋಡಿದ್ದೇನೆ. "ಕಾವೇರಿ ನೀರೂ ಸಿಗಲಿಲ್ಲ, ಇಂಜಿನ್ನೂ ಸಿಗಲಿಲ್ಲ" ಅಂತ ಒಬ್ಬರು ನಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿಯೇ ಹೇಳಿದ್ದರು. ನಾನೂ ಆಗ ನಕ್ಕಿದ್ದೆ. ಈಗ ಹಾಗೆ ನಗಲು ಮನಸ್ಸು ಬರುವುದಿಲ್ಲ. ಒಂಬತ್ತು ಹಂತದಲ್ಲಿ ಗಾಳಿಯನ್ನು ಸುಮಾರು 21 ಪಟ್ಟು ಅದುಮಲು ಹೊರಟವರು ಅವರು. ಕಂಪ್ರೆಸರ್ ಒಂದೇ ತೊಡಕೂ ಅಲ್ಲ. ಟರ್ಬೈನಿನ ಬ್ಲೇಡು ಕೆಲಸ ಮಾಡುವ ಬಿಸಿಯಲ್ಲಿ ಅದರ ಲೋಹವೇ ಕರಗಬೇಕು. ಒಳಗೆ ಸಣ್ಣ ದಾರಿಗಳಲ್ಲಿ ತಣ್ಣನೆ ಗಾಳಿ ಹರಿಸಿ, ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕ ಹೊಯ್ದು ಉಳಿಸಿಕೊಳ್ಳುತ್ತಾರೆ. ಆ ಎರಕದ ಗುಟ್ಟನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು, ಅವು ಹಂಚಿಕೊಳ್ಳುವುದಿಲ್ಲ.

ಇಲ್ಲಿಯೇ ವಿಲೋಮದ ಮಿತಿಯೂ ಕಾಣುತ್ತದೆ. ಗಾಳಿಗೆ ಹಿತವಾದ ಆಕಾರ ಕೇಳಿದರೆ ಗಣಿತ ಕೊಡುತ್ತದೆ. ಆದರೆ ಅದು ಬೆರಳ ಉಗುರಿನಷ್ಟು ತೆಳ್ಳಗಿರಬಹುದು, ಸುತ್ತುವ ರಭಸಕ್ಕೆ ಬುಡದಲ್ಲೇ ಕಿತ್ತುಹೋಗಬಹುದು. ನಮ್ಮ ಕೂಲರಿನ ರೆಕ್ಕೆ ಸೀಳಿದಂತೆ. ಅದಕ್ಕೇ ದಪ್ಪವನ್ನು ಮೊದಲೇ ಬರೆದುಕೊಟ್ಟು ಉಳಿದದ್ದನ್ನು ಕೇಳುತ್ತಾರೆ. ಇನ್ನೊಂದು ತೊಂದರೆ, ನೀವು ಕೇಳಿದ್ದು ಒಂದು ಸ್ಥಿತಿಗೆ. ಇಂಜಿನ್ ಬೆಂಗಳೂರಿನ ರನ್‌ವೇಯಲ್ಲೂ ಓಡಬೇಕು, ಲಡಾಖಿನ ತೆಳು ಗಾಳಿಯಲ್ಲೂ ಓಡಬೇಕು, ಪೈಲಟ್ ತಟ್ಟನೆ ವೇಗ ತಗ್ಗಿಸಿದಾಗಲೂ ಏದುಸಿರು ಬಿಡಬಾರದು. ಒಂದು ಪ್ರಶ್ನೆಗೆ ಶ್ರೇಷ್ಠ ಉತ್ತರವಾದ ಬ್ಲೇಡು ಇನ್ನೊಂದಕ್ಕೆ ಕೆಟ್ಟ ಉತ್ತರವಾಗಬಹುದು. 1988ರಲ್ಲಿ ಆಂಟನಿ ಜೇಮ್ಸನ್ ತೋರಿಸಿದ ದಾರಿ ಇದಕ್ಕೆ ನೆರವಾಯಿತು. ಆಕಾರವನ್ನು ಎಲ್ಲೆಲ್ಲಿ ಮುಟ್ಟಿದರೆ ಫಲ ಎಷ್ಟೆಷ್ಟು ಬದಲಾಗುತ್ತದೆ ಎಂಬುದನ್ನು, ಒಂದೊಂದು ಕಡೆ ಮುಟ್ಟಿ ನೋಡದೆ, ಇನ್ನೊಂದು ಹಿಮ್ಮುಖ ಲೆಕ್ಕದಿಂದ ಒಟ್ಟಿಗೇ ಪಡೆಯಬಹುದು. ಮಿಸ್ತ್ರಿ ಇಕ್ಕಳ ಹಿಡಿಯುವ ಮೊದಲೇ ಎಲ್ಲಿ ಹಿಡಿಯಬೇಕೆಂದು ಅವನಿಗೆ ಗೊತ್ತಾದ ಹಾಗೆ. ಆದರೂ ಕೊನೆಗೆ ಕಟ್ಟೆಯ ಮೇಲೆ ಓಡಿಸಿಯೇ ನೋಡಬೇಕು. ಅದಕ್ಕೆ ಕಟ್ಟೆ ಇರಬೇಕು.

ಕಾವೇರಿ ಬತ್ತಿಲ್ಲ ಅನ್ನುವುದನ್ನೂ ಹೇಳಬೇಕು. ಅದರ ಆಫ್ಟರ್‌ಬರ್ನರ್ ಇಲ್ಲದ ರೂಪವನ್ನು ಮಾನವರಹಿತ ಯುದ್ಧವಿಮಾನಕ್ಕಾಗಿ ಬೆಳೆಸುತ್ತಿದ್ದಾರೆ. ಇತ್ತ ತೇಜಸ್ ಹಾರುವುದು ಇಂದಿಗೂ ಅಮೆರಿಕದ ಜಿಇ ಕಂಪನಿಯ ಇಂಜಿನ್ನಿನಿಂದ. ಹೊಸ ತೇಜಸ್‌ಗಳಿಗೆ 2021ರಲ್ಲಿ 99 ಇಂಜಿನ್ನುಗಳಿಗೆ ಒಪ್ಪಂದವಾಯಿತು, ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಅಷ್ಟು ಕಾಲ ಬೆಂಗಳೂರಿನಲ್ಲಿ ವಿಮಾನದ ಮೈ ಸಿದ್ಧವಿತ್ತು, ಎದೆ ಬರಬೇಕಿತ್ತು.

ನಮ್ಮ ಹುಡುಗನ ಥೀಸಿಸ್ ಈ ಚಳಿಗಾಲಕ್ಕೆ ಮುಗಿಯುತ್ತದಂತೆ. ಹೊರದೇಶದ ಕಂಪನಿಯೊಂದರಿಂದ ಕರೆ ಬಂದಿದೆ. ಬೆಂಗಳೂರಿನಲ್ಲೂ ಒಂದು ಅರ್ಜಿ ಹಾಕಿದ್ದಾನೆ, ಅದರ ಉತ್ತರ ಇನ್ನೂ ಬಂದಿಲ್ಲ. "ಎರಡು ತಿಂಗಳು ಕಾಯ್ತೀನಿ ಅಕ್ಕಾ, ಆಮೇಲೆ ಏನೋ ಗೊತ್ತಿಲ್ಲ" ಅಂದ. ಅವನ ಅಮ್ಮ ಊರಿನಿಂದ ಫೋನ್ ಮಾಡಿದಾಗ ನನ್ನ ಹತ್ತಿರವೂ ಮಾತಾಡುತ್ತಾರೆ. "ಎಲ್ಲಾದರೂ ಹೋಗಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ" ಅನ್ನುತ್ತಾರೆ. ನಾನು ಏನೂ ಹೇಳಲಿಲ್ಲ. ಹೇಳುವ ಅಧಿಕಾರ ನನಗೇನಿದೆ, ನಾನೂ ಊರು ಬಿಟ್ಟು ಬಂದವಳೇ.

ಕೂಲರಿನ ವಿಷಯ ಕೇಳುತ್ತೀರಿ, ಗೊತ್ತು. ಮುನಿರ್ಕಾ ಹಳ್ಳಿಯ ಗಲ್ಲಿಯೊಂದರ ಅಂಗಡಿಗೆ ಹೊಸ ಫ್ಯಾನ್ ತರಲು ಹುಡುಗನನ್ನೂ ಕರೆದುಕೊಂಡು ಹೋಗಿದ್ದೆ. ಮುದುಕ ಅಂಗಡಿಯವರು ನಮಗೆ ಯಾವ ಫ್ಯಾನನ್ನೂ ತೋರಿಸಲಿಲ್ಲ. ಮೊದಲು ಕೇಳಿದ್ದು, "ಕಮರಾ ಕಿತ್ನಾ ಬಡಾ ಹೈ? ಹವಾ ಕಹಾಂ ತಕ್ ಚಾಹಿಯೇ?" ಕೋಣೆ ಎಷ್ಟು ದೊಡ್ಡದು, ಗಾಳಿ ಎಲ್ಲಿಯವರೆಗೆ ಬೇಕು? ಹುಡುಗ ನನ್ನ ಮುಖ ನೋಡಿದ. ಹನ್ನೆರಡಕ್ಕೆ ಹತ್ತು ಅಡಿ, ಮಂಚದವರೆಗೆ ಬಂದರೆ ಸಾಕು ಅಂದೆ. ಅವರು ಒಳಗೆ ಹೋಗಿ ಮೇಲಿನ ಅಟ್ಟದಿಂದ ಒಂದನ್ನು ಇಳಿಸಿಕೊಂಡು ಬಂದರು. ಈಗ ಸದ್ದು ಸ್ವಲ್ಪ ಕಡಿಮೆ. ಗಾಳಿ ಮಂಚದವರೆಗೆ ಬರುತ್ತಿದೆ.